ಪಾಸ್‌ವರ್ಡ್ ಅಂಗಡಿ ಅಣ್ಣನ ಹತ್ರ ಇದ್ದು

ಬ್ಲಾಗಿನ ಕಡೆ ತಲೆ ಹಾಕದೆ ಎಷ್ಟು ತಿಂಗಳಾಯ್ತೋ, ಲೆಕ್ಕ ಇಟ್ಟಿಲ್ಲ. ಇವತ್ತು ಬರೆಯೋಣ ಅಂತ ಕೂತರೆ ನನ್ನದೇ ಪಾಸ್‌ವರ್ಡ್ ಮರೆತುಹೋಗಿತ್ತು. ಮೂರು ಸಲ ತಪ್ಪು ಹೊಡೆದು ನಾಲ್ಕನೇ ಸಲಕ್ಕೆ ಒಳಗೆ ಬಂದಿದ್ದೇನೆ. ಇವತ್ತಿನ ವಿಷಯವೂ ಅದೇ ಆಗಿರೋದರಿಂದ ದಯವಿಟ್ಟು ನಗಬೇಡಿ :-)

ಮೊನ್ನೆ ಮಳೆಗಾಲದಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಸುಂಕಸಾಳ. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗೋ ಹೆದ್ದಾರಿಯಲ್ಲಿ ಸಿಗ್ತದೆ. ಮೊದಲು ಆ ಹೆದ್ದಾರಿಗೆ 63 ಅಂತ ನಂಬರಿತ್ತು, ಈಗ 52. ಬಸ್ಸಿನಲ್ಲಿ ಸ್ವಲ್ಪ ಕಣ್ಣು ಮುಚ್ಚಿದರೆ ದಾಟಿಯೇ ಹೋಗುವ ಊರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ, ಮಧ್ಯದಲ್ಲಿ ಲಾರಿಗಳು. ಹೆಸರಲ್ಲೇ ಸುಂಕ ಇದೆ ನೋಡಿ. ಘಟ್ಟಕ್ಕೂ ಕರಾವಳಿಗೂ ನಡುವಿನ ದಾರಿಯಲ್ಲಿ ಇಂಥ ಹೆಸರಿನ ಊರೊಂದು ಇರೋದು ಆಶ್ಚರ್ಯ ಅಲ್ಲ ಬಿಡಿ.

ಹೋದ ಎರಡನೇ ದಿನ ಚಿಕ್ಕಪ್ಪನ ಮಗಳು ಬಂದಳು. ಅಂಕೋಲೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದ್ತಾಳೆ, ದಿನಾ ಬಸ್ಸಿಗೆ ಹೋಗಿ ಬರ್ತಾಳೆ. ಪರೀಕ್ಷೆ ಅರ್ಜಿ ತುಂಬುವ ಕೊನೇ ದಿನ ಹತ್ತಿರ ಬಂದಿತ್ತು. ನಮ್ಮ ಕಾಲದಲ್ಲಿ ಪರೀಕ್ಷೆ ಅರ್ಜಿ ಅಂದ್ರೆ ಕಾಲೇಜು ಆಫೀಸಿನ ಕಿಂಡಿ, ಚಲನ್, ಗೋಂದು, ಎರಡು ಫೋಟೋ. ಈಗ ಹಾಗಲ್ಲ. ಕಾಲೇಜು ಸೇರಿರೋದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಆದರೂ, 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಸರ್ಕಾರ ತಂದ ಯುಯುಸಿಎಂಎಸ್ ಅನ್ನೋ ಒಂದೇ ತಂತ್ರಾಂಶ ಇದೆ. ಪ್ರವೇಶದಿಂದ ಹಿಡಿದು ಫಲಿತಾಂಶದ ತನಕ ಎಲ್ಲ ಅದರಲ್ಲೇ.

ನಾನು ದೊಡ್ಡಸ್ತಿಕೆಯಿಂದ ಲ್ಯಾಪ್‌ಟಾಪ್ ತೆಗೆದು, "ಹೇಳು, ಲಾಗಿನ್ ಎಂತದು?" ಅಂದೆ.

"ಯನ್ನ ಹತ್ರ ಇಲ್ಲೆ ಅಣಾ. ಪಾಸ್‌ವರ್ಡ್ ಅಂಗಡಿ ಅಣ್ಣನ ಹತ್ರ ಇದ್ದು."

"ಅವನ ಹತ್ರ ಎಂತಕ್ಕೆ?"

"ಒಟಿಪಿ ಬಪ್ಪದು ಅವನ ಫೋನಿಗೇಯ. ಮನೆಲ್ಲಿ ಸಿಗ್ನಲ್ ಎಲ್ಲಿದ್ದು?"

ಹೌದಲ್ವಾ! ನಮ್ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಬೇಕಾದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಮಳೆಯಲ್ಲಿ ಉಂಬಳ ಬೇರೆ. ಹತ್ತಿ, ಒಟಿಪಿ ನೋಡಿ, ಇಳಿದು ಬರುವಷ್ಟರಲ್ಲಿ ಅದು ಸತ್ತಿರ್ತದೆ. ಕಳಿಸಿದವರು ಕೊಡೋದು ಹತ್ತು ನಿಮಿಷ, ನಮ್ಮ ಗುಡ್ಡ ಇಳಿಯೋಕೆ ಹದಿನೈದು ನಿಮಿಷ. ಹಾಗಾಗಿ ಮೊದಲ ವರ್ಷ ಹೆಸರು ನೋಂದಾಯಿಸುವಾಗ ಹೆದ್ದಾರಿ ಬದಿಯ ಝೆರಾಕ್ಸ್ ಅಂಗಡಿಯವನು ತನ್ನ ನಂಬರನ್ನೇ ಹಾಕಿಕೊಟ್ಟಿದ್ದಾನೆ. ಇವಳೊಬ್ಬಳದಲ್ಲ, ಆಸುಪಾಸಿನ ಹಳ್ಳಿಗಳ ಮಕ್ಕಳದ್ದೆಲ್ಲ.

ಕೊಡೆ ಹಿಡ್ಕೊಂಡು ಇಬ್ಬರೂ ಅಂಗಡಿಗೆ ಹೋದ್ವಿ. ಅವನು ಗಲ್ಲಾದ ಬೀಗ ತೆಗೆದು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಹೊರಗೆ ತೆಗೆದ. ಅಡಕೆ ವ್ಯಾಪಾರಿಯ ಲೆಕ್ಕದ ಪುಸ್ತಕದ ಹಾಗೆ ಗೆರೆ ಎಳೆದು, ಹೆಸರು, ಊರು, ಕಾಲೇಜು, ಐಡಿ, ಪಾಸ್‌ವರ್ಡ್. ಒಂದು ಪುಟಕ್ಕೆ ಹದಿನೆಂಟು ಜನ. ಪಾಸ್‌ವರ್ಡ್ ಎಲ್ಲರದ್ದೂ ಒಂದೇ ನಮೂನೆ: ಹೆಸರಿನ ಮೊದಲ ನಾಲ್ಕು ಅಕ್ಷರ, ಒಂದು ಅಟ್, ಹುಟ್ಟಿದ ವರ್ಷ. ಬಲಗಡೆ ಕೆಂಪು ಶಾಯಿಯಲ್ಲಿ ಟಿಕ್ ಇದ್ದರೆ ಆ ಹುಡುಗ ಡಿಗ್ರಿ ಮುಗಿಸಿದ ಅಂತ ಅರ್ಥ.

"ಇದನ್ನ ಯಾರ್ಯಾರಿಗೆ ತೋರಿಸ್ತೀಯ ಮಾರಾಯ?" ಅಂದೆ.

"ಯಾರಿಗೂ ಇಲ್ಲ ಭಟ್ರೇ. ನನ್ನ ಹೆಂಡತಿಗೂ ಕೊಡೂದಿಲ್ಲ. ಸಂಜೆ ಮನೆಗೆ ತಕ್ಕೊಂಡು ಹೋಗ್ತೆ, ಬೆಳಗ್ಗೆ ತರ್ತೆ. ಹೊಳೆ ಬಂದ ವರ್ಷ ಅಂಗಡಿಲಿ ಇಟ್ಟದ್ದೆಲ್ಲ ಹೋಗಿತ್ತಲ್ಲ, ಅಂದಿನಿಂದ ಬುದ್ಧಿ ಬಂದದೆ."

ಹೊಳೆ ಬಂದ ವರ್ಷ ಅಂದ್ರೆ 2019ರ ಆಗಸ್ಟ್. ಗಂಗಾವಳಿ ನಮ್ಮ ಕಡೆಯ ತೋಟ ಗದ್ದೆ ಮನೆ ಒಂದನ್ನೂ ಬಿಡದೆ ನುಗ್ಗಿದ ವರ್ಷ. ಚಿಕ್ಕಪ್ಪನ ಮನೆಯ ಟ್ರಂಕಿನಲ್ಲಿದ್ದ ಅಂಕಪಟ್ಟಿಗಳು ಕೆಸರಿನಲ್ಲಿ ಅದ್ದಿದ ಹಪ್ಪಳದ ಹಾಗೆ ಆಗಿದ್ವು. ಅವನ ದೊಡ್ಡ ಮಗನಿಗೆ ಆಮೇಲೆ ನಕಲು ಪ್ರತಿ ಸಿಕ್ತು, ಯಾಕಂದ್ರೆ ವಿಶ್ವವಿದ್ಯಾಲಯದ ಲೆಡ್ಜರಿನಲ್ಲಿ ಅವನ ಅಂಕಗಳು ಹಾಗೇ ಇದ್ದವು. ಯಾರೋ ಒಬ್ಬರು ಅದನ್ನು ಕಾಯ್ದಿಟ್ಟಿದ್ದರು ಅಂತ ಅರ್ಥ. ಮಾಹಿತಿ ಸುರಕ್ಷತೆ ಅಂದ್ರೆ ಗುಟ್ಟು ಮುಚ್ಚಿಡೋದು ಅಂತ ಮಾತ್ರ ನಾವು ತಿಳ್ಕೊಂಡಿರ್ತೇವೆ. ಬರೆದದ್ದು ಬದಲಾಗದೆ ಇರೋದು, ಬೇಕಾದ ದಿನ ಕೈಗೆ ಸಿಗೋದು, ಇವೂ ಅದರಲ್ಲೇ ಸೇರಿದವು. ಹೊಳೆ ಊರಿಗೆಲ್ಲ ಆ ಪಾಠ ಮಾಡಿ ಹೋಗಿತ್ತು.

ನಿಜ ಹೇಳಬೇಕಂದ್ರೆ ಆ ನೋಟ್‌ಬುಕ್ ನೋಡಿ ನನಗೆ ಬೈಯಬೇಕು ಅನ್ನಿಸಲಿಲ್ಲ, ನಾಚಿಕೆ ಆಯ್ತು. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ಮೊದಲ ಕೆಲಸ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ. ಯಾವುದು ಅಂತ ಕೇಳಬೇಡಿ, ಹೇಳೋದಿಲ್ಲ. 2011ರ ಸುಮಾರು. ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್, ಸಂಬಳ ಹೊರಗುತ್ತಿಗೆ ಏಜೆನ್ಸಿಯಿಂದ, ಅದೂ ಎರಡು ತಿಂಗಳಿಗೊಮ್ಮೆ. ಕೆಲಸ ಅಂದ್ರೆ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯೋದರಿಂದ ಹಿಡಿದು ಸರ್ವರ್ ಕಾಯೋದರ ತನಕ. ಸರ್ವರ್ ಇದ್ದದ್ದು ಹಳೇ ಉತ್ತರಪತ್ರಿಕೆಗಳ ಗೋಣಿಚೀಲ ಇಟ್ಟ ಕೋಣೆಯಲ್ಲಿ. ಅದರ ಕೀಲಿ ಗ್ರೂಪ್ ಡಿ ನೌಕರರೊಬ್ಬರ ಸೊಂಟದಲ್ಲಿ. ಅವರು ಊಟಕ್ಕೆ ಹೋದರೆ ಸರ್ವರ್ ಕೆಟ್ಟರೂ ಕಾಯಬೇಕಿತ್ತು. (ಇಡೀ ವಿಭಾಗದಲ್ಲಿ ತನ್ನ ಜವಾಬ್ದಾರಿ ಏನು ಅಂತ ಸ್ಪಷ್ಟವಾಗಿ ಗೊತ್ತಿದ್ದ ಏಕೈಕ ಮನುಷ್ಯ ಅವರೇ ಅಂತ ಈಗ ಅನ್ನಿಸ್ತದೆ.)

ಅಂಕ ನಮೂದಿಸುವ ತಂತ್ರಾಂಶ ಮಾಡಿದವರು ಬುದ್ಧಿವಂತರೇ. ಒಬ್ಬರು ಅಂಕ ಹಾಕಬೇಕು, ಇನ್ನೊಬ್ಬರು ತಾಳೆ ನೋಡಿ ಅನುಮೋದಿಸಬೇಕು. ಹಾಕಿದವರೇ ಅನುಮೋದಿಸುವ ಹಾಗಿಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇದ್ದ ಹಾಗೆ. ಅನುಮೋದನೆಯ ಲಾಗಿನ್ ಇದ್ದದ್ದು ಸೂಪರಿಂಟೆಂಡೆಂಟ್ ಸಾಹೇಬರ ಹೆಸರಲ್ಲಿ. ಒಳ್ಳೇ ಮನುಷ್ಯ, ನಿವೃತ್ತಿಗೆ ಮೂರು ವರ್ಷ, ಕಂಪ್ಯೂಟರ್ ಅಂದ್ರೆ ಹಾವು ಕಂಡ ಹಾಗೆ. ಮೊದಲ ವಾರವೇ ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. "ನೀನೇ ಒತ್ತಿಬಿಡು ತಮ್ಮಾ, ನನಗೆ ಆ ಮೌಸ್ ಹಿಡಿಯೋದು ಆಗೋದಿಲ್ಲ."

ನಾನು ಒತ್ತಿದೆ. ಆರು ತಿಂಗಳು ಒತ್ತಿದೆ. ಸಾವಿರಾರು ಮಕ್ಕಳ ಅಂಕಗಳನ್ನು ಒಂದನ್ನೂ ನೋಡದೆ ಅನುಮೋದಿಸಿದೆ. ಎರಡು ಕೀಲಿಗಳೂ ಒಂದೇ ಕೈಗೆ ಬಂದಿವೆ ಅನ್ನೋದು ನನಗಾಗಲೀ ಅವರಿಗಾಗಲೀ ತಪ್ಪು ಅನ್ನಿಸಲೇ ಇಲ್ಲ. ಕೆಲಸ ಬೇಗ ಆಗ್ತಿತ್ತಲ್ಲ!

ಆ ವರ್ಷದ ಚೌತಿಗೆ ನನಗೆ ಊರಿಗೆ ಹೋಗಬೇಕಿತ್ತು. ಫಲಿತಾಂಶ ತಡ ಆಗ್ತಿದೆ ಅಂತ ಮೇಲಿನಿಂದ ಒತ್ತಡ. ಡಾಟಾ ಎಂಟ್ರಿ ಮಾಡುತ್ತಿದ್ದ ಅಕ್ಕ ಒಬ್ಬರಿದ್ದರು, ನನ್ನ ಹಾಗೇ ಏಜೆನ್ಸಿಯವರು. ಮಗಳನ್ನು ಶಾಲೆಗೆ ಬಿಟ್ಟು ಬಂದು ಸಂಜೆ ಏಳರ ತನಕ ಕೂರುವವರು. ಬಸ್ಸಿಗೆ ಹೊತ್ತಾಯ್ತು ಅಂತ ಆ ಚೀಟಿಯನ್ನೇ ಅವರ ಮಾನಿಟರಿನ ಕೆಳಗೆ ಅಂಟಿಸಿ, "ಅಕ್ಕಾ, ನಾನು ಬರೋ ತನಕ ಇದನ್ನೂ ನೀವೇ ಒತ್ತಿಬಿಡಿ" ಅಂದು ಬಸ್‌ಸ್ಟ್ಯಾಂಡಿಗೆ ಓಡಿದೆ. ವಾಪಸ್ ಬಂದ ಮೇಲೂ ಚೀಟಿ ಅಲ್ಲೇ ಉಳೀತು. ನನಗೂ ಒಂದು ಕೆಲಸ ಕಮ್ಮಿ.

ಮೂರು ತಿಂಗಳಿಗೆ ಗದ್ದಲ ಎದ್ದಿತು. ನಾಲ್ಕು ಜನ ವಿದ್ಯಾರ್ಥಿಗಳ ಅಂಕ, ಉತ್ತರಪತ್ರಿಕೆಯಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು. ಬದಲಾಯಿಸಿದ ದಾಖಲೆ ತೆಗೆದು ನೋಡಿದರೆ ಸೂಪರಿಂಟೆಂಡೆಂಟ್ ಸಾಹೇಬರ ಹೆಸರು, ಸಂಜೆ ಆರೂವರೆ. ಅವತ್ತು ಅವರು ರಜೆಯಲ್ಲಿ! ಹಾಜರಿ ಪುಸ್ತಕದಲ್ಲಿ ಇದೆ. ಮೂರು ಜನರ ಸಮಿತಿ ಆಯ್ತು. ಸಂಜೆ ಆರೂವರೆಗೆ ಇದ್ದವರು ಯಾರು ಅಂತ ನೋಡಿದರು. ಆ ಅಕ್ಕ ಇದ್ದರು. ಅವರ ಜೊತೆ ಇನ್ನೂ ನಾಲ್ಕು ಜನ ಇದ್ದರು, ಆದರೆ ಅವರೆಲ್ಲ ಖಾಯಂ ನೌಕರರು.

ನನ್ನನ್ನೂ ಒಳಗೆ ಕರೆದರು. "ಪಾಸ್‌ವರ್ಡ್ ಆಕೆಗೆ ನೀವು ಕೊಟ್ಟಿದ್ರಾ?" ಅಂತ ಕೇಳಿದರು.

"ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು ಸರ್" ಅಂದೆ.

ಸುಳ್ಳಲ್ಲ. ಎಲ್ಲರಿಗೂ ಗೊತ್ತೇ ಇತ್ತು. ಆದರೆ ಅವರು ಕೇಳಿದ್ದು ಅದನ್ನಲ್ಲ. ಆ ಒಂದು ವಾಕ್ಯ ಹೊರಗೆ ಬಂದ ಕ್ಷಣ ನನಗೆ ಗೊತ್ತಾಯ್ತು, ನಾನು ಪಾರಾದೆ ಅಂತ. ಸಮಿತಿಯ ಮುಂದೆ ಆ ಅಕ್ಕ ಎಷ್ಟು ಹೇಳಿಕೊಂಡರೋ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯ್ತು. ಯಾವ ಸಾಕ್ಷಿಯೂ ಇರಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ, ಒಂದೇ ಲಾಗಿನ್ನನ್ನು ಒಂಬತ್ತು ಜನ ಬಳಸಿದರೆ ದಾಖಲೆಯಲ್ಲಿ ಉಳಿಯೋದು ಆ ಲಾಗಿನ್ನಿನ ಹೆಸರು, ಮನುಷ್ಯನದ್ದಲ್ಲ. ವಿಚಾರಣೆ ನಡೆಸಿ ತೆಗೆಯಬೇಕಾದ ಕಷ್ಟವೂ ಇರಲಿಲ್ಲ. ಏಜೆನ್ಸಿಗೆ ಒಂದು ಸಾಲಿನ ಪತ್ರ ಹೋಯ್ತು, ಇವರನ್ನು ನಾಳೆಯಿಂದ ಕಳಿಸುವುದು ಬೇಡ ಅಂತ.

ಆಮೇಲೆ ಒಂದು ಸುತ್ತೋಲೆ ಬಂತು. ಟೈಪ್ ಮಾಡಿದ್ದು ನಾನೇ. ಎಲ್ಲಾ ಸಿಬ್ಬಂದಿ ಪಾಸ್‌ವರ್ಡುಗಳನ್ನು ಗೌಪ್ಯವಾಗಿಡತಕ್ಕದ್ದು, ತಪ್ಪಿದಲ್ಲಿ ಸಂಬಂಧಪಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಎಲ್ಲರೂ ಸಹಿ ಹಾಕಿದರು. ಈ 'ಸಂಬಂಧಪಟ್ಟವರು' ಅನ್ನೋ ಶಬ್ದ ಇದೆಯಲ್ಲ, ಸರ್ಕಾರಿ ಕನ್ನಡದ ಅತಿ ದೊಡ್ಡ ಆವಿಷ್ಕಾರ ಅದು. ಅದರಲ್ಲಿ ಎಲ್ಲರೂ ಇದ್ದಾರೆ, ಹುಡುಕಿದರೆ ಯಾರೂ ಸಿಗೋದಿಲ್ಲ. ಸಿಕ್ಕರೂ ಸಿಗೋದು ಆ ದಿನ ಸಂಜೆ ಏಳರ ತನಕ ಕೂತವರು.

ಇದೇನೂ ನಮ್ಮ ದೇಶದ್ದೇ ರೋಗ ಅಂದ್ಕೋಬೇಡಿ. ಕಂಪ್ಯೂಟರಿಗೆ ಪಾಸ್‌ವರ್ಡ್ ಅಂತ ಬಂದದ್ದೇ ಒಂದು ವಿಶ್ವವಿದ್ಯಾಲಯದಲ್ಲಿ, ಅಮೆರಿಕದ ಎಂಐಟಿಯಲ್ಲಿ. 1961ರಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಅವರ ತಂಡ ಹಲವರು ಒಟ್ಟಿಗೆ ಬಳಸುವ ಕಂಪ್ಯೂಟರ್ ವ್ಯವಸ್ಥೆ ಮಾಡಿದಾಗ, ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದ. ಮರುವರ್ಷವೇ, 1962ರಲ್ಲಿ, ಅಲನ್ ಶೆರ್ ಅನ್ನೋ ಸಂಶೋಧನಾ ವಿದ್ಯಾರ್ಥಿ ಎಲ್ಲರ ಪಾಸ್‌ವರ್ಡುಗಳನ್ನೂ ಪ್ರಿಂಟ್ ತೆಗೆದುಕೊಂಡುಬಿಟ್ಟ. ಏನೂ ದುಷ್ಟತನ ಅಲ್ಲ, ಅವನಿಗೆ ವಾರಕ್ಕೆ ಕೊಟ್ಟಿದ್ದ ಕಂಪ್ಯೂಟರ್ ಸಮಯ ಸಾಕಾಗ್ತಿರಲಿಲ್ಲ ಅಷ್ಟೇ! ದಶಕಗಳ ನಂತರ ತಾನೇ ಒಪ್ಪಿಕೊಂಡ.

ಅದಕ್ಕಿಂತ ಮಜಾ ಇರೋದು ಅದೇ ವ್ಯವಸ್ಥೆಯ 1966ರ ಕಥೆಯಲ್ಲಿ. ಒಂದು ದಿನ ಲಾಗಿನ್ ಆದವರಿಗೆಲ್ಲ ದಿನದ ಸೂಚನೆ ಕಾಣಿಸಬೇಕಾದ ಜಾಗದಲ್ಲಿ ಇಡೀ ಪಾಸ್‌ವರ್ಡ್ ಕಡತವೇ ಕಾಣಿಸತೊಡಗಿತು. ಯಾರೂ ಕಳ್ಳತನ ಮಾಡಿರಲಿಲ್ಲ. ಆಡಳಿತಗಾರರಿಗೆ ಅಂತ ಇದ್ದ ಒಂದೇ ಜಾಗದಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡ್ತಿದ್ದರು, ಒಬ್ಬರು ಸೂಚನೆ ತಿದ್ದುತ್ತಾ, ಇನ್ನೊಬ್ಬರು ಪಾಸ್‌ವರ್ಡ್ ತಿದ್ದುತ್ತಾ. ಅಲ್ಲಿ ಒಮ್ಮೆಗೆ ಒಬ್ಬರೇ ಇರ್ತಾರೆ ಅಂತ ತಂತ್ರಾಂಶ ಬರೆದವರು ಅಂದುಕೊಂಡಿದ್ದರು. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾದವು. ಇದನ್ನು ಓದಿದ ದಿನ ನಮ್ಮ ಪರೀಕ್ಷಾ ವಿಭಾಗವೇ ಕಣ್ಣಿಗೆ ಕಟ್ಟಿತು.

ಈಗ ನಾನು ಬೆಂಗಳೂರಿನಲ್ಲಿ ಇದೇ ಸುರಕ್ಷತೆಯ ಕೆಲಸ ಮಾಡ್ತೇನೆ, ಖಾಸಗಿ ಕಂಪನಿಯಲ್ಲಿ. ನಮ್ಮ ಕಸುಬಿನಲ್ಲಿ ಒಂದು ಸರಳ ಭೇದ ಇದೆ. ಮಾಹಿತಿಯ ಒಡೆಯ ಬೇರೆ, ಅದನ್ನು ಕಾಯುವವನು ಬೇರೆ, ಬಳಸುವವನು ಬೇರೆ. ಅಂಕಗಳ ಒಡೆತನ ಪರೀಕ್ಷೆ ನಡೆಸುವ ಅಧಿಕಾರಿಯದು. ಯಾರು ನೋಡಬಹುದು, ಯಾರು ತಿದ್ದಬಹುದು ಅಂತ ತೀರ್ಮಾನಿಸಬೇಕಾದವರು ಅವರು. ಸರ್ವರ್ ಕೋಣೆಯ ಹುಡುಗ ಕಾಯುವವನು ಮಾತ್ರ, ಅವರು ಬರೆದುಕೊಟ್ಟ ಹಾಗೆ ಬೀಗ ಹಾಕೋದು, ತೆಗೆಯೋದು, ಯಾರು ಬಂದರು ಅಂತ ದಾಖಲಿಸೋದು. ಆ ದಾಖಲೆಯನ್ನು ಆಗಾಗ ತೆಗೆದು ನೋಡೋಕೆ ಈ ಮೂವರೂ ಅಲ್ಲದ ಇನ್ನೊಬ್ಬರು ಬೇಕು. ನಮ್ಮಲ್ಲಿ ಏನಾಗ್ತದೆ ಅಂದ್ರೆ, ಕಂಪ್ಯೂಟರ್ ಅಂದ ತಕ್ಷಣ ಒಡೆಯ ಎದ್ದು ಹೋಗಿಬಿಡ್ತಾನೆ. "ಅದೆಲ್ಲ ಕಂಪ್ಯೂಟರ್ ಹುಡುಗನ ಕೆಲಸ." ಹುಡುಗನಿಗೆ ಇಲ್ಲ ಅನ್ನೋ ಅಧಿಕಾರ ಇರೋದಿಲ್ಲ, ಏಜೆನ್ಸಿಯವನಲ್ವಾ?

ಕಾಗದದ ಕಾಲದಲ್ಲಿ ಇದು ಇಷ್ಟು ಗೊಂದಲ ಇರಲಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಓದಿದರೆ ದಾಖಲೆಗಳು, ಮೊಹರು ಕುಲಸಚಿವರ ಸುಪರ್ದಿಯಲ್ಲಿ; ಪರೀಕ್ಷೆಗೆ ಅಂತಲೇ ಇನ್ನೊಬ್ಬ ಕುಲಸಚಿವರು, ಮೌಲ್ಯಮಾಪನದವರು. ಕಪಾಟಿನ ಲೆಡ್ಜರ್ ತಿದ್ದಿದರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಲೆಡ್ಜರ್ ಕಂಪ್ಯೂಟರಿಗೆ ಹೋಯ್ತು, ಸುಪರ್ದಿ ಮಾತ್ರ ಕಪಾಟಿನಲ್ಲೇ ಉಳೀತು.

ಸುಪರ್ದಿ ಅಂದಾಗ ನಮ್ಮ ತಾಲೂಕಿನವರಿಗೆ ಬೇಲೆಕೇರಿ ನೆನಪಾಗದೆ ಇರೋದಿಲ್ಲ. ಬಳ್ಳಾರಿಯ ಅದಿರು ಲಾರಿಗಳು ನಮ್ಮ ಸುಂಕಸಾಳದ ಮೇಲೆಯೇ ಹಗಲು ರಾತ್ರಿ ಇಳಿದು ಬರ್ತಿದ್ದ ಕಾಲ ಅದು, ಅಂಗಳದಲ್ಲಿ ಒಣಗಿಸಿದ ಬಿಳಿ ಪಂಚೆ ಸಂಜೆಗೆ ಕೆಂಪು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಸುಮಾರು ಐದು ಲಕ್ಷ ಟನ್ ಅದಿರು ಜಪ್ತಿ ಮಾಡಿ, ಅಲ್ಲೇ ಕಾಯಲು ಒಪ್ಪಿಸಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಹಡಗು ಹತ್ತಿ ಹೋಗಿತ್ತು! ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ, ಹದಿನಾಲ್ಕು ವರ್ಷ ಆದ ಮೇಲೆ. ಗುಡ್ಡದಷ್ಟು ಅದಿರೇ ಕಾವಲಿನಲ್ಲಿದ್ದೂ ಮಾಯ ಆಗಬಹುದಾದರೆ, ಕಣ್ಣಿಗೆ ಕಾಣದ ನಾಲ್ಕು ಅಂಕಿಗಳದ್ದೇನು ಲೆಕ್ಕ?

ಹಾಗಂತ ಕಾನೂನು ಸುಮ್ಮನೆ ಕೂತಿಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು, ಅವರೊಡನೆ ಮಾತಾಡೋಕೆ ಸಂಸ್ಥೆಯಲ್ಲಿ ಒಬ್ಬರನ್ನು ಗೊತ್ತುಮಾಡಿರಬೇಕು. ಒಬ್ಬರನ್ನು, ಸಂಬಂಧಪಟ್ಟವರನ್ನಲ್ಲ! 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತ ಹಂತವಾಗಿ ಜಾರಿ. ದಂಡ 250 ಕೋಟಿ ರೂಪಾಯಿ ತನಕ ಅನ್ನೋದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಕೆಲಸವನ್ನು ಹೊರಗಿನವರಿಗೆ ವಹಿಸಿದರೂ, ಒಪ್ಪಂದದಲ್ಲಿ ಏನೇ ಬರೆದುಕೊಂಡರೂ, ಹೊಣೆ ಮಾಹಿತಿ ಸಂಗ್ರಹಿಸಿದ ಸಂಸ್ಥೆಯದ್ದೇ. ಅಂದು ಈ ಸಾಲು ಇದ್ದಿದ್ದರೆ ಆ ಅಕ್ಕನಿಗೆ ಏನಾದರೂ ಉಪಯೋಗ ಆಗ್ತಿತ್ತಾ ಅಂತ ಆಗಾಗ ಯೋಚಿಸ್ತೇನೆ. ಬಹುಶಃ ಇಲ್ಲ. ಕಾನೂನು ಇದ್ದರೂ ನನ್ನ ಬಾಯಿ ನನ್ನದೇ ಆಗಿರ್ತಿತ್ತಲ್ಲ.

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಕಥೆ ನಾನು ನಮ್ಮ ಹೊಸ ಹುಡುಗರಿಗೆ ಪ್ರತಿ ಸಲ ಹೇಳ್ತೇನೆ. 2019ರ ಅಕ್ಟೋಬರಿನಲ್ಲಿ ಅಲ್ಲಿನ ಯಾರೋ ಒಂದು ಮೋಸದ ಮೇಲ್ ತೆರೆದರು. ಎರಡು ತಿಂಗಳು ಕಳ್ಳರು ಒಳಗೆ ಓಡಾಡಿಕೊಂಡಿದ್ದರು. ಡಿಸೆಂಬರ್ 23ಕ್ಕೆ, ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸರಿಯಾಗಿ, 267 ಸರ್ವರುಗಳಿಗೆ ಬೀಗ. 30 ಬಿಟ್‌ಕಾಯಿನ್, ಅಂದಿನ ಲೆಕ್ಕಕ್ಕೆ ಸುಮಾರು ಎರಡು ಲಕ್ಷ ಯೂರೋ ಕೊಟ್ಟು ಬಿಡಿಸಿಕೊಂಡರು. (ಆ ದುಡ್ಡಿನ ಒಂದು ಭಾಗ 2022ರಲ್ಲಿ ಪೊಲೀಸರ ಮೂಲಕ ವಾಪಸ್ ಸಿಗುವಾಗ ಬಿಟ್‌ಕಾಯಿನ್ ಬೆಲೆ ಏರಿ ಐದು ಲಕ್ಷ ಯೂರೋ ಆಗಿತ್ತಂತೆ. ಅಡಕೆಗೂ ಹೀಗೆ ಆಗಿದ್ದಿದ್ದರೆ!) ದುಡ್ಡು ಕೊಟ್ಟದ್ದು ಸರಿಯೋ ತಪ್ಪೋ ಬೇರೆ ಚರ್ಚೆ. ನನಗೆ ಹಿಡಿಸಿದ್ದು, 2020ರ ಫೆಬ್ರವರಿಯಲ್ಲಿ ಅವರು ಸಭೆ ಕರೆದು, ತನಿಖಾ ವರದಿಯನ್ನು ಲೋಕಕ್ಕೆಲ್ಲ ಬಿಚ್ಚಿಟ್ಟರು. ಎಲ್ಲೆಲ್ಲಿ ತಮ್ಮ ವ್ಯವಸ್ಥೆ ತಪ್ಪಿತು ಅಂತ ಆಡಳಿತವೇ ನಿಂತು ಹೇಳಿತು. ಮೇಲ್ ತೆರೆದವರನ್ನು ಹಿಡಿದು ಮುಂದೆ ನಿಲ್ಲಿಸಲಿಲ್ಲ.

ನಮ್ಮಲ್ಲಿ 2024ರ ಕೊನೆಗೆ ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಹಗರಣ ಓದಿರ್ತೀರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಬೇರೆಯವರ ಲಾಗಿನ್ ಬಳಸಿ ಸೀಟು ಹಿಡಿದಿಟ್ಟ ಆರೋಪ. ಬೆಂಗಳೂರು ಪೊಲೀಸರು ಬಂಧಿಸಿದವರಲ್ಲಿ ಪ್ರಾಧಿಕಾರದಲ್ಲೇ ಕೆಲಸ ಮಾಡ್ತಿದ್ದವನೊಬ್ಬನೂ ಇದ್ದ, ಅಭ್ಯರ್ಥಿಗಳ ಐಡಿ ಪಾಸ್‌ವರ್ಡ್ ಹೊರಗೆ ಕೊಟ್ಟ ಅಂತ. ಆ ಸುದ್ದಿ ಓದಿದಾಗ ನನಗೆ ಮೊದಲು ಬಂದ ಪ್ರಶ್ನೆ, ಅವನೊಬ್ಬನ ಕೈಗೆ ಅಷ್ಟೆಲ್ಲ ಬರುವ ಹಾಗೆ ಇಟ್ಟವರು ಯಾರು ಅಂತ. ಎರಡನೇ ಯೋಚನೆ, ಪಾಪ ಈ ಪ್ರಶ್ನೆ ಕೇಳೋ ಯೋಗ್ಯತೆ ನನಗಿದೆಯಾ ಅಂತ.

ಸರಿ, ಅಂಗಡಿಗೆ ಬರೋಣ.

ನೋಟ್‌ಬುಕ್ ಮುಂದಿಟ್ಟುಕೊಂಡು ನಾನೂ ಅವನೂ ಒಂದು ಗಂಟೆ ಮಾತಾಡಿದ್ವಿ. ಅವನ ವಾದ ಹೀಗೆ: "ಮಕ್ಕಳು ಮರೀತವೆ ಭಟ್ರೇ. ಕೊನೇ ದಿನ ಬಂದು ಅಳ್ತವೆ. ನಾನು ಇಟ್ಕೊಳ್ಳದೇ ಇದ್ರೆ ವರ್ಷ ಹೋಗ್ತದೆ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯುಜಿಸಿ 2022ರಲ್ಲಿ ಪದವಿ ಮಕ್ಕಳಿಗೆ ಸೈಬರ್ ಸುರಕ್ಷತೆಯ ಪಠ್ಯಕ್ರಮ ಬಿಡುಗಡೆ ಮಾಡಿತು, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಅಂತ ಪ್ರತಿ ಕಾಲೇಜಿನ ಗೋಡೆಯಲ್ಲೂ ಪೋಸ್ಟರ್ ಇರಬಹುದು. ಸಿಗ್ನಲ್ ಇಲ್ಲದ ಮನೆಯ ಹುಡುಗಿ ಒಟಿಪಿಯನ್ನು ಎಲ್ಲಿಂದ ತರಬೇಕು ಅಂತ ಯಾವ ಪೋಸ್ಟರಿನಲ್ಲಿ ಇದೆ? ಅವನು ದುಡ್ಡಿಗಾಗಿ ಮಾಡಿದ್ದೂ ಅಲ್ಲ, ಅರ್ಜಿಗೆ ಮೂವತ್ತು ರೂಪಾಯಿ ತಗೋತಾನೆ, ಪ್ರಿಂಟೂ ಸೇರಿ.

ಕೊನೆಗೆ ಒಂದು ಒಪ್ಪಂದ ಆಯ್ತು. ಡಿಗ್ರಿ ಮುಗಿದವರ ಪುಟಗಳನ್ನು ಅಲ್ಲೇ ಹರಿದು ಒಲೆಗೆ ಹಾಕೋಕೆ ಒಪ್ಪಿದ. ಮನೆಯಲ್ಲಿ ಸಿಗ್ನಲ್ ಇರುವ ಮಕ್ಕಳು ಬಂದಾಗ ಅವರ ನಂಬರನ್ನೇ ಹಾಕಿಸಿ, ಪಾಸ್‌ವರ್ಡ್ ಅವರ ಕೈಯಲ್ಲೇ ಬದಲಾಯಿಸಿ, ತಾನು ಆ ಕಡೆ ತಿರುಗಿ ನಿಲ್ತೇನೆ ಅಂದ. "ಬೀಡಿ ಹಚ್ಚೂಕೆ ಒಂದು ನೆವ ಆಯ್ತು" ಅಂತ ನಕ್ಕ. ಉಳಿದವರದ್ದು? ಉಳಿದವರದ್ದು ನೋಟ್‌ಬುಕ್ಕೇ.

ತಂಗಿ ಮಾತ್ರ ಹಟ ಹಿಡಿದಳು, ತನ್ನದು ಇವತ್ತೇ ಬದಲಾಗಬೇಕು ಅಂತ. ಅಪ್ಪನ ಫೋನಿಗೂ ಸಿಗ್ನಲ್ ಇಲ್ಲ, ಅವಳದ್ದಕ್ಕೂ ಇಲ್ಲ. ಹಾಗಾಗಿ ನನ್ನ ನಂಬರ್ ಹಾಕಿದ್ವಿ. ಪಾಸ್‌ವರ್ಡ್ ಅವಳೇ ಹೊಡೆದಳು, ನಾನೂ ಅಂಗಡಿಯವನೂ ಮಳೆ ನೋಡುತ್ತಾ ನಿಂತಿದ್ವಿ. ನೋಟ್‌ಬುಕ್ಕಿನಲ್ಲಿ ಅವಳ ಸಾಲಿಗೆ ಅವಳೇ ಗೀಟು ಹಾಕಿದಳು. ನನಗೆ ದೊಡ್ಡ ಕೆಲಸ ಮಾಡಿದ ಹೆಮ್ಮೆ.

ಬೆಂಗಳೂರಿಗೆ ಬಂದು ಎರಡು ತಿಂಗಳಾಗಿರಬಹುದು. ಒಂದು ದಿನ ಬೆಳಿಗ್ಗೆ ಮೀಟಿಂಗ್ ನಡುವೆ ಫೋನ್ ಗುಂಯ್ ಅಂತು. ಆರು ಅಂಕೆಯ ಒಟಿಪಿ. ಅವಳದ್ದು. ಪಾಸ್‌ವರ್ಡ್ ಬದಲಾಯಿಸೋಕೆ ಯಾರೋ ಕೇಳ್ತಿದ್ದಾರೆ. ಯಾರು? ಅವಳೇನಾ? ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಎರಡು ನಿಮಿಷಕ್ಕೆ ಅಂಗಡಿ ಅಣ್ಣನ ಫೋನ್ ಬಂತು.

"ಭಟ್ರೇ, ಒಂದು ನಂಬರ್ ಬಂದದ್ಯಾ? ಹೇಳಿ ಅಂದೆ."

"ತಂಗಿ ಇದ್ದಾಳಾ ಅಲ್ಲಿ?"

"ಇಲ್ಲ, ಅವಳಪ್ಪ ಬಂದಾರೆ. ಫಲಿತಾಂಶ ಬಂತಂತಲ್ಲ, ನೋಡೂಕೆ."

ಫೋನಿನ ಹಿಂದೆ ಚಿಕ್ಕಪ್ಪನ ದನಿ ಕೇಳ್ತಿತ್ತು. "ಹೇಳಾ ತಮಾ, ಬಸ್ಸಿಗೆ ಹೊತ್ತಾತು." ನನ್ನನ್ನು ಎತ್ತಿ ಆಡಿಸಿದ ಚಿಕ್ಕಪ್ಪ. ಮಗಳ ಫೀಸು ಕಟ್ಟಿದವನು ಅವನೇ. ನಾನು ಏನು ಹೇಳಲಿ? ಆ ಒಟಿಪಿ ನನ್ನ ಫೋನಿನಲ್ಲಿದೆ, ನನ್ನದಲ್ಲ. ನಾನು ಕಾಯುವವನು.

"ಸರಿಯಾಗಿ ಕೇಳ್ತಾ ಇಲ್ಲೆ ಚಿಕ್ಕಪ್ಪ, ಆಮೇಲೆ ಮಾಡ್ತಿ" ಅಂತ ಫೋನ್ ಇಟ್ಟೆ. ಮತ್ತೊಮ್ಮೆ ಒಂದು ಅರ್ಧ ಸುಳ್ಳು, ಈ ಸಲ ಯಾರ ಪರವಾಗಿ ಅಂತ ಮಾತ್ರ ವ್ಯತ್ಯಾಸ. ಹತ್ತು ನಿಮಿಷಕ್ಕೆ ಆ ನಂಬರ್ ಸತ್ತುಹೋಯ್ತು.

ಸಂಜೆ ತಂಗಿ ಗುಡ್ಡ ಹತ್ತಿ ಫೋನ್ ಮಾಡಿದಳು. ನಾನು ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಬರೀ ಗಾಳಿ ಸದ್ದು.

"ಅಕೌಂಟೆನ್ಸಿ ಹೋಜು ಅಣಾ" ಅಂದಳು. "ಅಪ್ಪಂಗೆ ಆನೇ ಹೇಳ್ತಿದ್ದಿ. ರಾತ್ರಿ ಊಟ ಆದ್ಮೇಲೆ."

"ಹೇಳು" ಅಂದೆ. ಆಮೇಲೆ ಸಿಗ್ನಲ್ ಹೋಯ್ತು.